ಕೊಡಗು ಮೈಸೂರು ರಾಜ್ಯಕ್ಕೆ ಸೇರುವಷ್ಟರಲ್ಲಿ ಮೈಸೂರು ರೈಲ್ವೆಯೇ ಇರಲಿಲ್ಲ

12 ಜುಲೈ 2024, ಮಡಿಕೇರಿ

ಮಳೆ ಬಿಟ್ಟಿಲ್ಲ, ಕರೆಂಟೂ ಇಲ್ಲ. ಹೋದ ವಾರ ತಂಗಿ ಮಗನನ್ನು ಮೈಸೂರಿನ ರೈಲು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಮಹಾರಾಣಿ ಸಲೂನ್ ಅನ್ನೋ 1899ರ ಅರಮನೆ ರೈಲು ಬೋಗಿ ನೋಡುತ್ತಾ ಅವನು ಕೇಳಿದ: "ಮಾವ, ರಾಜರ ರೈಲು ನಮ್ಮೂರಿಗೆ ಯಾಕೆ ಬರಲಿಲ್ಲ?" ಆ ಗಾಡಿಯೊಳಗೇ ಅಡುಗೆಮನೆ, ಊಟದ ಜಾಗ ಎಲ್ಲಾ ಇದೆ. ಅದರಿಂದ ಅವನನ್ನು ಎಬ್ಬಿಸಿಕೊಂಡು ಬರೋದೇ ಕಷ್ಟವಾಯಿತು. ಅವನಿಗೆ ಕೊಡಬೇಕಾದ ಉತ್ತರ ಉದ್ದ ಇದೆ.

ಮೈಸೂರು ಸಂಸ್ಥಾನದ ರೈಲು ಬರಗಾಲದ ಕೂಸು. 1876ರಿಂದ 78ರವರೆಗಿನ ಬರದಲ್ಲಿ ಜನ ಲೆಕ್ಕವಿಲ್ಲದಷ್ಟು ಸತ್ತರು. ಹಸಿದವರಿಗೆ ಕೂಲಿಯೂ ಬೇಕಿತ್ತು, ಧಾನ್ಯ ತರೋಕೆ ದಾರಿಯೂ ಬೇಕಿತ್ತು. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ (ಒಂದು ಮೀಟರ್ ಅಗಲದ) ಹಳಿ 1882ರಲ್ಲಿ ಮೈಸೂರು ಮುಟ್ಟಿತು. ದುಡ್ಡು ಸಂಸ್ಥಾನದ್ದೇ.

ಆದರೆ ಹಳಿಯನ್ನು ಹರಿಹರದವರೆಗೆ ಒಯ್ಯಲು ದೊಡ್ಡ ಸಾಲ ಬೇಕಾಯಿತು. ಆ ಸಾಲದ ಜೊತೆಗೆ, 1886ರಲ್ಲಿ ರೈಲು ಓಡಿಸುವ ಅಧಿಕಾರವೂ ಸದರ್ನ್ ಮರಾಠಾ ರೈಲ್ವೆ ಅನ್ನೋ ಲಂಡನ್ ಕಂಪನಿಯ ಕೈಗೆ ಹೋಯಿತು. ಇದು ನನಗೆ ಈಗಲೂ ನೋವಿನ ವಿಷಯ. ತಮ್ಮ ನೆಲದ ರೈಲನ್ನು ವಾಪಸ್ ಪಡೆಯೋಕೆ ಅರ್ಧ ಶತಮಾನ ಹಿಡಿಯಿತು. 1919ರಲ್ಲಿ ಮೈಸೂರು ಕಡೆಯ ಹಳಿಗಳು ಬಂದವು, ಹರಿಹರದ ಹಳಿ 1938ರಲ್ಲಿ. ಈ ನಡುವೆ ಸಂಸ್ಥಾನ ಸುಮ್ನೆ ಕೂರಲಿಲ್ಲ. ಮೈಸೂರು-ಅರಸೀಕೆರೆ ಹಳಿ ಹಾಕಿತು, ಮೈಸೂರಿನಲ್ಲಿ ವರ್ಕ್‌ಶಾಪ್ ಕಟ್ಟಿತು. ನಂಜನಗೂಡಿನ ರೈಲಂತೂ 1735ರ ಕಲ್ಲಿನ ಸೇತುವೆ ಮೇಲೇ ಕಪಿಲೆ ದಾಟುತ್ತಿತ್ತು. ಪಕ್ಕದಲ್ಲೇ ಎತ್ತಿನ ಗಾಡಿಗಳ ರಸ್ತೆ. ಆ ಕಮಾನುಗಳನ್ನು ನೋಡಿದರೆ ಕಟ್ಟಿದವರಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಇಷ್ಟೆಲ್ಲಾ ಆದರೂ ಹಳಿ ನಮ್ಮ ಕಡೆ ತಿರುಗಲಿಲ್ಲ. ಘಟ್ಟ, ಕಾಡು, ಮಳೆ ಒಂದು ಕಾರಣ, ನಿಜ. ಇನ್ನೊಂದು ಗಡಿ. 1834ರಿಂದ ಕೊಡಗು ಬ್ರಿಟಿಷರ ಕೈಯಲ್ಲಿತ್ತು, ಬೇರೆಯೇ ಪ್ರಾಂತ್ಯ. ಮೈಸೂರು ತನ್ನ ಖಜಾನೆಯಿಂದ ಇಲ್ಲಿಗೆ ಹಳಿ ಹಾಕಬೇಕು ಅಂತ ಯಾರು ಕೇಳೋಕಾಗುತ್ತಿತ್ತು? ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಷ್ಟರಲ್ಲಿ ಮೈಸೂರು ರೈಲ್ವೆ ಅನ್ನೋದೇ ಇರಲಿಲ್ಲ. 1951ರ ಏಪ್ರಿಲ್‌ನಲ್ಲೇ ಅದು ದಕ್ಷಿಣ ರೈಲ್ವೆಯಲ್ಲಿ ಕರಗಿಹೋಗಿತ್ತು. ಅಲ್ಲಿಂದ ಮುಂದೆ ಹಳಿ ಎಲ್ಲಿಗೆ ಅನ್ನೋದನ್ನು ದೆಹಲಿಯೇ ಹೇಳಬೇಕು. 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಅನ್ನೋ ಹೊಸ ವಲಯ ಬಂದರೂ ಅದು ಬದಲಾಗಲಿಲ್ಲ, ಅಲ್ವಾ?

ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 87 ಕಿಲೋಮೀಟರ್ ಹಳಿ ಹಾಕುವ ಮಾತು ಬಹಳ ಕಾಲದಿಂದ ಇದೆ. ಅದು ಬರಲಿ ಅಂತ ನನಗೆ ಮನಸಾರೆ ಆಸೆ. ಆದರೆ ಕುಶಾಲನಗರದಲ್ಲೇ ನಿಲ್ಲಲಿ. ತಲಶ್ಶೇರಿ ಕಡೆಗೆ ಕಾಡು ಸೀಳಿಕೊಂಡು ಹೋಗುವ ಹಳಿ ಬೇಡ. ಅದು ಆನೆಗಳ ದಾರಿ. ಮೈಸೂರಿನ ಆಸ್ಪತ್ರೆಗೆ ಹೋಗುವವರಿಗೆ ಬೆಳಗ್ಗೆ ಒಂದು ಪ್ಯಾಸೆಂಜರ್ ಗಾಡಿ, ಸಂಜೆ ವಾಪಸ್ ಬರೋಕೆ ಒಂದು. ಸದ್ಯಕ್ಕೆ ಅಷ್ಟು ಸಿಕ್ಕಿದರೂ ಸಾಕು.