ಯಾವ ಡಾಕ್ಟರ್ ಇಷ್ಟ ಅಂತ ಕೇಳುವವರಿಗೆ

ಬಿಬಿಸಿಯಲ್ಲಿ 1963ರಲ್ಲಿ ಶುರುವಾದ 'ಡಾಕ್ಟರ್ ಹೂ' ಧಾರಾವಾಹಿಯ ಹುಚ್ಚು ನನಗಿದೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳೋದು ಒಂದೇ. ಅದರ ನಾಯಕ ಡಾಕ್ಟರ್‌ನ ಪಾತ್ರ ಮಾಡಿದ ಅಷ್ಟು ಜನರಲ್ಲಿ ನಿಮಗೆ ಯಾರು ಇಷ್ಟ? ಡೇವಿಡ್ ಟೆನೆಂಟ್ ಅಂತಲೋ ಮ್ಯಾಟ್ ಸ್ಮಿತ್ ಅಂತಲೋ ಹೇಳುತ್ತೇನೆ ಅಂದುಕೊಂಡಿರುತ್ತಾರೆ. ನಾನು ಪ್ಯಾಟ್ರಿಕ್ ಟ್ರೌಟನ್ ಅನ್ನುತ್ತೇನೆ. ಎರಡನೇ ಡಾಕ್ಟರ್. 1966ರಿಂದ 1969ರವರೆಗೆ, ಕಪ್ಪು ಬಿಳುಪಿನ ಕಾಲದಲ್ಲಿ ಇದ್ದವನು.

ಧಾರಾವಾಹಿ ನೋಡದವರಿಗೆ ಎರಡು ಮಾತು. ಡಾಕ್ಟರ್ ಮನುಷ್ಯನಲ್ಲ. ಹೊರಗಿನಿಂದ ನೋಡಿದರೆ ಪೊಲೀಸ್ ಬೂತಿನಂತೆ ಕಾಣುವ ಟಾರ್ಡಿಸ್ ಎಂಬ ಯಂತ್ರದಲ್ಲಿ ಕಾಲ, ಲೋಕ ಎಲ್ಲ ಸುತ್ತುತ್ತಾನೆ. ಸಾಯುವ ಹೊತ್ತು ಬಂದಾಗ ಅವನ ಮೈಯೇ ಬದಲಾಗುತ್ತದೆ. ಮುಖ ಬೇರೆ, ನಡೆ ಬೇರೆ, ಆದರೆ ಆಸಾಮಿ ಅವನೇ. ಅವತಾರದ ಕಥೆ ಕೇಳಿ ಬೆಳೆದ ನಮಗೆ ಇದು ಸಲೀಸಾಗಿ ಅರ್ಥವಾಗುತ್ತದೆ. 1966ರಲ್ಲಿ ಟಿವಿ ಮುಂದೆ ಕೂತಿದ್ದ ಇಂಗ್ಲೆಂಡಿನ ಮಕ್ಕಳಿಗೆ ಇದು ಹೊಸದು. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಿತ್ತು. ಮೂರು ವರ್ಷ ನೋಡಿದ ಬಿಳಿಕೂದಲಿನ ಅಜ್ಜ ಒಂದು ಶನಿವಾರ ನೆಲಕ್ಕೆ ಬಿದ್ದ, ಅದೇ ಜಾಗದಲ್ಲಿ ಇನ್ಯಾರೋ ಮಲಗಿದ್ದ. ಟ್ರೌಟನ್ ಅವರು ಹಾರ್ಟ್‌ನೆಲ್ ಅವರನ್ನು ಅನುಕರಿಸಲು ಹೋಗಲೇ ಇಲ್ಲ. ಇವತ್ತಿಗೂ ಆ ಧೈರ್ಯ ನೆನೆದರೆ ನನಗೆ ಮೈ ಜುಂ ಅನ್ನುತ್ತದೆ. ಅವರು ಸೋತಿದ್ದರೆ ಧಾರಾವಾಹಿ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಬಂದ ಯಾವ ಡಾಕ್ಟರೂ ಇರುತ್ತಿರಲಿಲ್ಲ.

ಅವರ ಮೊದಲ ಕಥೆ 'ದಿ ಪವರ್ ಆಫ್ ದಿ ಡಾಲೆಕ್ಸ್'. ಜೊತೆಗಿದ್ದ ಬೆನ್ ಎಂಬ ನಾವಿಕ ಇವನನ್ನು ನಂಬುವುದಿಲ್ಲ. ಹಳೆಯ ಡಾಕ್ಟರ್ ಹಾಕುತ್ತಿದ್ದ ಉಂಗುರ ತಂದು ತೊಡಿಸಿ ನೋಡುತ್ತಾನೆ. ಸಡಿಲ, ಬೆರಳಲ್ಲಿ ನಿಲ್ಲಲ್ಲ. ಆಗ ಇವನು ವಾದಕ್ಕೆ ಇಳಿಯುವುದಿಲ್ಲ. ರೆಕ್ಕೆ ಬಿಚ್ಚಿದ ಚಿಟ್ಟೆ ಮತ್ತೆ ತನ್ನ ಗೂಡಿನೊಳಗೆ ಹಿಡಿಸುತ್ತಾ ನೋಡೋಣ ಅನ್ನುತ್ತಾನೆ ಅಷ್ಟೇ. ಆಮೇಲೆ ಕಥೆಯಲ್ಲಿ ಒಂದು ಡಾಲೆಕ್ ಎದುರಾಗುತ್ತದೆ. ಲೋಹದ ಕವಚದೊಳಗೆ ಕೂತ ಜೀವಿ, ಡಾಕ್ಟರ್‌ನ ಹಳೇ ಶತ್ರು. ಅದರ ಕಣ್ಣಿನ ಕೋಲು ಬೇರೆ ಎಲ್ಲರನ್ನೂ ಬಿಟ್ಟು ಇವನ ಕಡೆಗೇ ತಿರುಗಿ ನಿಲ್ಲುತ್ತದೆ. ಜೊತೆಗಾರನಿಗೆ ಸಿಗದ ಗುರುತು ವೈರಿಗೆ ಸಿಕ್ಕಿತು! ಹೊಸ ನಟನನ್ನು ಜನ ಒಪ್ಪುವಂತೆ ಮಾಡಲು ಇದಕ್ಕಿಂತ ಚಂದದ ದಾರಿ ನಾನಂತೂ ಕಂಡಿಲ್ಲ.

ಅವನ ವೇಷ ಹೇಳಬೇಕು. ದೊಗಲೆ ಚೌಕಳಿ ಪ್ಯಾಂಟು, ಅಳತೆಗೆ ಕೂರದ ಕಪ್ಪು ಕೋಟು, ಕೆದರಿದ ಕೂದಲು, ಕೈಯಲ್ಲಿ ರೆಕಾರ್ಡರ್ ಅನ್ನುವ ಪುಟ್ಟ ಕೊಳಲು. ಎದುರಿನವರಿಗೆ ಯಾರೋ ಪೆದ್ದ ಬಂದ ಅನ್ನಿಸಬೇಕು. ಅವರು ಎಚ್ಚರ ತಪ್ಪಿ ಮಾತಾಡುತ್ತಾರೆ. ಇವನು ಗಾಬರಿಯಾದವನಂತೆ ಅತ್ತಿತ್ತ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡಿರುತ್ತಾನೆ. ನನಗೆ ಅವನು ಇಷ್ಟವಾಗಿದ್ದು ಇದಕ್ಕೇ. ಈ ಡಾಕ್ಟರ್ ಕಿವಿಗೊಟ್ಟು ಕೇಳುತ್ತಾನೆ.

ಅದು ಚೆನ್ನಾಗಿ ಕಾಣುವುದು 1967ರ 'ದಿ ಟೂಂಬ್ ಆಫ್ ದಿ ಸೈಬರ್‌ಮೆನ್' ಕಥೆಯಲ್ಲಿ. ಸೈಬರ್‌ಮೆನ್ ಎಂಬ ಯಂತ್ರಮನುಷ್ಯರ ಹೆಪ್ಪುಗಟ್ಟಿದ ಗೋರಿಗಳ ನಡುವೆ ರಾತ್ರಿ ಕಳೆಯಬೇಕು. ಸರದಿಯಲ್ಲಿ ಕಾವಲು. 1866ರಿಂದ ಇವರ ಜೊತೆ ಬಂದ ವಿಕ್ಟೋರಿಯಾ ಎಂಬ ಹುಡುಗಿ, ವಯಸ್ಸಾದವನು ಮಲಗಲಿ ಅಂತ ಡಾಕ್ಟರ್‌ನನ್ನು ಎಬ್ಬಿಸದೆ ತಾನೇ ಎದ್ದಿರುತ್ತಾಳೆ. ಅವನಿಗೆ 450 ವರ್ಷ, ಅಲ್ವಾ! ಹಿಂದಿನ ಕಥೆಯಲ್ಲಷ್ಟೇ ಅವಳ ತಂದೆ ತೀರಿಕೊಂಡಿದ್ದಾರೆ. ಅದೂ ಡಾಕ್ಟರ್‌ನನ್ನು ಉಳಿಸಲು ಹೋಗಿ. ಅವನು ಎಚ್ಚರಗೊಂಡು ಮೆಲ್ಲಗೆ ಕೇಳುತ್ತಾನೆ, ನಮ್ಮ ಜೊತೆ ಖುಷಿಯಾಗಿದ್ದೀಯಾ? ಅವಳು ಅಪ್ಪನ ಮಾತು ತೆಗೆಯುತ್ತಾಳೆ.

ಸಾವಿನ ಮನೆಗೆ ಹೋದಾಗ ನಾವೆಲ್ಲ ಏನು ಹೇಳುತ್ತೇವೆ? ಧೈರ್ಯ ತಂದ್ಕೋ, ಅಳಬೇಡ, ಏನ್ ಮಾಡೋಕಾಗುತ್ತೆ. ಅವನು ಅದೊಂದನ್ನೂ ಹೇಳುವುದಿಲ್ಲ. ಅಪ್ಪನ ನೆನಪು ಯಾವಾಗಲೂ ಹೀಗೆ ನೋಯಿಸಲ್ಲ ಅನ್ನುತ್ತಾನೆ. ನಿಮ್ಮ ಮನೆಯವರು ನಿಮಗೆ ನೆನಪೇ ಇರಲಿಕ್ಕಿಲ್ಲ ಅಂತ ಅವಳು ಅಂದಾಗ, ಇದೆ, ಬೇಕು ಅಂದಾಗ ಕಣ್ಣ ಮುಂದೆ ತಂದುಕೊಳ್ಳುತ್ತೇನೆ, ಉಳಿದ ಹೊತ್ತು ಅವರು ನನ್ನ ಮನಸ್ಸಿನೊಳಗೆ ಮಲಗಿರುತ್ತಾರೆ ಅನ್ನುತ್ತಾನೆ. ಡಾಕ್ಟರ್ ತನ್ನ ಮನೆಯವರ ಬಗ್ಗೆ ಬಾಯಿ ಬಿಡುವುದೇ ಅಪರೂಪ. ಅವಳ ದುಃಖಕ್ಕೆ ಜೊತೆಯಾಗಲಿ ಅಂತ ತನ್ನದನ್ನು ಒಂದಿಷ್ಟು ತೆಗೆದು ಕೊಡುತ್ತಾನೆ. ದನಿ ಏರಿಸುವುದೇ ಇಲ್ಲ. ಆಮೇಲೆ ಅವಳಿಗೆ ಮಲಗು ಅಂತ ಹೇಳಿ ತಾನು ಕಾವಲು ಕೂರುತ್ತಾನೆ. ಎರಡೇ ನಿಮಿಷದ ಮಾತು. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಈ ಕಥೆಯ ಪ್ರತಿಯೇ ಬಹಳ ವರ್ಷ ಯಾರ ಕೈಗೂ ಸಿಕ್ಕಿರಲಿಲ್ಲ. ಆ ಕಾಲದಲ್ಲಿ ವಿಡಿಯೊ ಟೇಪ್ ದುಬಾರಿ. ಬಿಬಿಸಿಯವರು ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಮುದ್ರಿಸುತ್ತಿದ್ದರು. ಹೊರದೇಶಗಳಿಗೆ ಮಾರಿದ ಫಿಲ್ಮ್ ಪ್ರತಿಗಳಷ್ಟೇ ಆಸರೆ. ಸೈಬರ್‌ಮೆನ್ ಕಥೆಯ ನಾಲ್ಕೂ ಕಂತು 1991ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸಿಕ್ಕವು. ಇನ್ನೆರಡು ಕಥೆಗಳ ಕಂತುಗಳು ನೈಜೀರಿಯಾದಲ್ಲಿ ಸಿಕ್ಕಿದ ಸುದ್ದಿ 2013ರಲ್ಲಿ ಬಂತು. ಆದರೂ ಟ್ರೌಟನ್ ಅವರ 119 ಕಂತುಗಳಲ್ಲಿ 50ಕ್ಕೂ ಜಾಸ್ತಿ ಇಂದಿಗೂ ಇಲ್ಲ. ಅವರ ಆ ಮೊದಲ ಕಥೆಯ ಆರೂ ಕಂತು ಹೋಗಿವೆ. ಉಳಿದಿರುವುದು ಧ್ವನಿ. ಆಗಿನ ಅಭಿಮಾನಿಗಳು ಮನೆಯಲ್ಲಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. 2016ರಲ್ಲಿ ಆ ಧ್ವನಿಗೆ ಆ್ಯನಿಮೇಷನ್ ಚಿತ್ರ ಜೋಡಿಸಿದರು. ನಾನು ಮಾತ್ರ ಇಯರ್‌ಫೋನ್ ಹಾಕಿ, ದೀಪ ಆರಿಸಿ, ಸುಮ್ನೆ ಧ್ವನಿ ಕೇಳುತ್ತೇನೆ. ಮಾತಿನ ನಡುವೆ ಆ ಕೊಳಲು ಬಂದಾಗ ಅವನು ಏನೋ ಯೋಚಿಸುತ್ತಿದ್ದಾನೆ ಅಂತ ಗೊತ್ತಾಗುತ್ತದೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಸೈಬರ್‌ಮೆನ್ ಕಥೆಯಿಂದ ಅನ್ನುತ್ತೇನೆ. ಕೊನೆಗೆ 1969ರ 'ದಿ ವಾರ್ ಗೇಮ್ಸ್' ನೋಡಿ. ಹತ್ತು ಕಂತು, ಎಲ್ಲವೂ ಉಳಿದಿವೆ. ಭೂಮಿಯ ಬೇರೆ ಬೇರೆ ಯುದ್ಧಗಳಿಂದ ಸೈನಿಕರನ್ನು ಕದ್ದು ತಂದು ಇನ್ನೊಂದು ಗ್ರಹದಲ್ಲಿ ಕಾದಾಡಿಸುತ್ತಿರುತ್ತಾರೆ. ಅಷ್ಟು ಜನರನ್ನು ಅವರವರ ಕಾಲಕ್ಕೆ, ಅವರವರ ಮನೆಗೆ ಕಳಿಸಲು ಡಾಕ್ಟರ್‌ನಿಂದ ಆಗುವುದಿಲ್ಲ. ಆಗುವುದು ಅವನ ಕುಲದವರಾದ ಟೈಮ್ ಲಾರ್ಡ್‌ಗಳಿಂದ ಮಾತ್ರ. ಅವರಿಂದಲೇ ಅವನು ತಪ್ಪಿಸಿಕೊಂಡು ಓಡಿ ಬಂದದ್ದು. ಕರೆದರೆ ಸಿಕ್ಕಿಬೀಳುತ್ತಾನೆ. ಆದರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಿಳಿ ಬಿಲ್ಲೆಗಳನ್ನು ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ ಮನಸ್ಸಿನಿಂದಲೇ ಅವರಿಗೆ ಸುದ್ದಿ ಕಳಿಸುತ್ತಾನೆ. ಬಿಲ್ಲೆಗಳು ತಾವೇ ಸೇರಿ ಪುಟ್ಟ ಪೆಟ್ಟಿಗೆಯಾಗುತ್ತವೆ.

ಸೈನಿಕರು ಮನೆ ಸೇರುತ್ತಾರೆ. ಇವನಿಗೆ ಶಿಕ್ಷೆ: ಭೂಮಿಗೆ ಗಡಿಪಾರು, ಹೊಸ ಮುಖ. ಜೊತೆಗಿದ್ದ ಜೇಮಿ, ಝೋಯಿ ಇಬ್ಬರಿಗೂ ಅವನೊಡನೆ ಕಳೆದ ಮೊದಲ ಕಥೆಯೊಂದು ಬಿಟ್ಟು ಉಳಿದ ನೆನಪೆಲ್ಲ ಅಳಿಸಿ, ಅವರವರ ಜಾಗಕ್ಕೆ ಕಳಿಸುತ್ತಾರೆ. ಝೋಯಿ ತನ್ನ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ. ಏನೋ ಮುಖ್ಯವಾದದ್ದು ಮರೆತುಹೋದಂತಿದೆ ಅನ್ನುತ್ತಾಳೆ. ಆಮೇಲೆ, ಏನಿಲ್ಲ ಬಿಡಿ ಅಂತ ಹೊರಟುಬಿಡುತ್ತಾಳೆ.