ದಿನವಿಡೀ ದುಡಿಯುವವಳಿಗೆ ವಾಕಿಂಗ್ ಯಾಕೆ?

"ದಿನಾ ಹೊಲದಾಗ ಬಗ್ಗಿ ಬಗ್ಗಿ ದುಡೀತೀನಿ, ಮ್ಯಾಲೆ ಮನಿ ಕೆಲಸ. ನನಗ್ಯಾಕವ್ವ ವಾಕಿಂಗು?" ನಮ್ಮ ಸಿಂಧನೂರು ಕಡೆ ಟೊಂಕ ನೋವಿರುವ ಹೆಂಗಸರು ಹೇಳುವ ಮಾತಿದು. ನಮ್ಮ ಅತ್ತಿಗೆಯೂ ಇದನ್ನೇ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. ಯಾರೂ ಅದಕ್ಕೆ ಕೂತು ಉತ್ತರ ಹೇಳುವುದಿಲ್ಲ ಅನ್ನುವುದೇ ನನ್ನ ಸಂಕಟ.

ನೆಲ್ಲು ನಾಟಿ ನೋಡಿದ್ದೀರಲ್ವಾ? ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೆ ಸಾಕು, ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಎಲ್ಲಾ ಕಡೆ ಹೆಂಗಸರು ಕೆಸರಲ್ಲಿ ಸಾಲಾಗಿ ಬಗ್ಗಿ ನಿಲ್ಲುತ್ತಾರೆ. ಕಾಲು ಹೂತಿರುತ್ತದೆ, ಸೊಂಟ ಮಡಚಿರುತ್ತದೆ, ಕೈ ಮಾತ್ರ ಓಡುತ್ತಿರುತ್ತದೆ. ಗಂಟೆಗಟ್ಟಲೆ ಹೀಗೇ. ಬೆನ್ನಿನ ಕೆಳಭಾಗದ 5 ಮೂಳೆ, ಅವುಗಳ ನಡುವೆ ಮೆತ್ತೆಯಂತಿರುವ ಡಿಸ್ಕ್, ಸುತ್ತಲಿನ ಸ್ನಾಯು, ಯಾವುದಕ್ಕೂ ಬಿಡುವಿಲ್ಲ. ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದಿದ್ದರೆ ನಡುವೆ ಎದ್ದು ನೆಟ್ಟಗೆ ನಿಲ್ಲುವುದಕ್ಕೂ ಮನಸ್ಸು ಬರುವುದಿಲ್ಲ. ಸಂಜೆ ಮನೆಗೆ ಬಂದರೆ ಗಿಡ್ಡ ಕಸಬರಿಗೆ ಹಿಡಿದು ಬಗ್ಗಿ ಗುಡಿಸಬೇಕು, ನೆಲದಲ್ಲಿ ಕೂತು ರೊಟ್ಟಿ ಬಡಿಯಬೇಕು, ಕೊಡ ಹೊರಬೇಕು.

ವ್ಯಾಯಾಮ ಹಾಗಲ್ಲ. ಭಾರ ಸ್ವಲ್ಪ ಸ್ವಲ್ಪವೇ ಏರುತ್ತದೆ, ನಡುವೆ ಬಿಡುವಿರುತ್ತದೆ, ಸ್ನಾಯು ಗಟ್ಟಿಯಾಗುವುದು ಆ ಬಿಡುವಿನಲ್ಲೇ. ನಾಟಿ ಮಾಡುವವಳ ಬೆನ್ನಿಗೆ ದಣಿವು ಸಿಗುತ್ತದೆ, ಬಲ ಸಿಗುವುದಿಲ್ಲ. ಬಳ್ಳಾರಿಯಲ್ಲಿ ದಿನವಿಡೀ ಕೂತು ಜೀನ್ಸ್ ಹೊಲಿಯುವವಳ ಕತೆಯೂ ಅಷ್ಟೇ, ಅವಳದು ಬಗ್ಗುವ ಬದಲು ಕೂರುವ ಕಷ್ಟ.

ನೋವು ಬಂದಾಗ ನಮ್ಮಲ್ಲಿ ಮಾಡುವುದು ಎರಡೇ. ಮಲಗುವುದು, ಇಲ್ಲಾ ಬೆಲ್ಟ್ ಕಟ್ಟುವುದು. ಒಂದೆರಡು ದಿನ ಕೆಲಸ ಕಮ್ಮಿ ಮಾಡಿದರೆ ತಪ್ಪಿಲ್ಲ, ಆದರೆ ವಾರಗಟ್ಟಲೆ ಮಲಗಿದರೆ ಸ್ನಾಯು ಸೊರಗಿ ನೋವು ಇನ್ನೂ ಎಳೆಯುತ್ತದೆ. ಬೆಲ್ಟ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲೇ ಹೇಳಿದೆ: ಬೇರೆ ಕಾಯಿಲೆಯಿಂದ ಬಂದದ್ದಲ್ಲದ, ಬಹುಕಾಲ ಉಳಿದ ಸೊಂಟ ನೋವಿಗೆ ಅದನ್ನು ಮಾಮೂಲಿಯಾಗಿ ಕೊಡಬೇಡಿ. ವ್ಯಾಯಾಮ ಮಾಡಿಸಿ, ನೋವಿನ ಬಗ್ಗೆ ತಿಳಿಸಿ ಹೇಳಿ ಎನ್ನುತ್ತದೆ ಆ ಮಾರ್ಗಸೂಚಿ.

ಇನ್ನು ಸ್ಕ್ಯಾನ್. "ಡಿಸ್ಕ್ ಉಬ್ಬಿದೆ" ಅಂತ ರಿಪೋರ್ಟ್ ಬಂದರೆ ಮನೆಯವರೆಲ್ಲಾ ಹೆದರುತ್ತಾರೆ. 2015ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ನೋವೇ ಇಲ್ಲದ 50 ವರ್ಷದವರಲ್ಲೂ ನೂರಕ್ಕೆ ಸುಮಾರು 60 ಜನರ ಡಿಸ್ಕ್ ಉಬ್ಬಿರುವುದು ಕಂಡಿತ್ತು. ಅಂದರೆ ಆ ಒಂದು ಸಾಲು ನೋಡಿ ಜೀವನವೇ ಮುಗಿಯಿತು ಅಂದುಕೊಳ್ಳಬೇಕಿಲ್ಲ.

ಆದರೆ ಕೆಲವಕ್ಕೆ ತಡಮಾಡಬಾರದು. ಕಾಲಲ್ಲಿ ಶಕ್ತಿ ಕುಂದಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಉಚ್ಚೆ ತಡೆಯಲಾಗದಿದ್ದರೆ ಅಥವಾ ಹೋಗದೇ ಕಟ್ಟಿಕೊಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ನೋವಿನ ಜತೆ ಜ್ವರ ಇದ್ದರೆ, ಸುಮ್ನೆ ತೂಕ ಇಳಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದು ಜಾಸ್ತಿ, ಆ ವಯಸ್ಸಿನಲ್ಲಿ ಚಿಕ್ಕದಾಗಿ ಬಿದ್ದರೂ ಬೆನ್ನುಮೂಳೆ ಮುರಿದಿರಬಹುದು.

ಸರಿ, ಅತ್ತಿಗೆಯ ಪ್ರಶ್ನೆಗೆ ಬರುತ್ತೇನೆ. ವಾಕಿಂಗ್ ಯಾಕೆ ಅಂದರೆ, ನೆಟ್ಟಗೆ ನಿಂತು ಕೈ ಬೀಸಿ ನಡೆಯುವಾಗ ಬಗ್ಗಿದ ಬೆನ್ನಿಗೆ ಬೇರೆ ಥರದ ಚಲನೆ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವು ವಾಸಿಯಾದ 701 ಜನರ ಮೇಲೆ ಒಂದು ಅಧ್ಯಯನ ಮಾಡಿದರು, ಹೆಚ್ಚಿನವರು ಹೆಂಗಸರೇ. ಕೆಲವರಿಗೆ ಫಿಸಿಯೋಥೆರಪಿಸ್ಟ್ ಸಲಹೆ ಕೊಟ್ಟು ನಿಧಾನವಾಗಿ ನಡಿಗೆ ಹೆಚ್ಚಿಸಿದರು, ಉಳಿದವರನ್ನು ಹಾಗೇ ಬಿಟ್ಟರು. ನಡೆದವರಲ್ಲಿ ಅರ್ಧದಷ್ಟು ಜನರಿಗೆ ನೋವು ಮರಳಲು 208 ದಿನ ಹಿಡಿಯಿತು, ಉಳಿದವರಲ್ಲಿ ಅರ್ಧದಷ್ಟು ಜನರಿಗೆ 112 ದಿನಕ್ಕೇ ಮರಳಿತು. ಇದು 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಖರ್ಚಿಲ್ಲದ ಔಷಧಿ ಇದಕ್ಕಿಂತ ಇನ್ನೇನು ಬೇಕು?

ನಡಿಗೆ ಜತೆಗೆ ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಮೇಲೆತ್ತಿ ನಿಧಾನವಾಗಿ ಇಳಿಸುವುದನ್ನೂ ಸೇರಿಸಿಕೊಳ್ಳಿ. ನೋವು ಜಾಸ್ತಿ ಆದರೆ ನಿಲ್ಲಿಸಿ.

ನನಗೆ ನಿಜವಾಗಿ ಹೇಳಬೇಕಿರುವುದು ಮನೆಯವರಿಗೆ. ಅವಳ ಕೆಲಸದ ಮೇಲೆ ಇನ್ನೊಂದು ಅರ್ಧ ಗಂಟೆ ಹೇರಿ "ನಡೀಯವ್ವ" ಅಂದರೆ ಅವಳು ನಡೆಯುವುದು ಯಾವಾಗ? ಕೊಡ ನೀವು ತನ್ನಿ. ಉದ್ದ ಹಿಡಿಯ ಕಸಬರಿಗೆ ಕೊಳ್ಳಿ. ರೊಟ್ಟಿ ಬಡಿಯಲು ಎತ್ತರದ ಕಟ್ಟೆ ಮಾಡಿಸಿ. ಹೊಲದಲ್ಲಿ ಒಂದು ಸಾಲು ಮುಗಿದ ಮೇಲೆ ಎಲ್ಲರೂ ನೆಟ್ಟಗೆ ನಿಂತು ಎರಡು ನಿಮಿಷ ಬೆನ್ನು ಸಡಿಲಿಸಲಿ, ಗುತ್ತಿಗೆಯವರು ಅದಕ್ಕೆ ಮುಖ ಗಂಟು ಹಾಕಬಾರದು.

ನಾಟಿ ಇಲ್ಲದ ತಿಂಗಳಲ್ಲೇ ನಡಿಗೆ ಶುರು ಮಾಡಿದರೆ ಒಳ್ಳೆಯದು. ನಮ್ಮ ರಾಯಚೂರು ಸೀಮೆಯ ಬಿಸಿಲು ಗೊತ್ತಲ್ಲ, ಬೆಳಿಗ್ಗೆ ಬಿಸಿಲೇರುವ ಮೊದಲೇ ಮುಗಿಸಿ. ಮೊದಲು ಹತ್ತು ನಿಮಿಷ ಸಾಕು.