ಓಬವ್ವ ಇರುವಾಗ ಈ ಕುರಿ ಸಾಕುವವನ ಮಗಳು ಯಾಕೆ?

ನನ್ನ ಕಪಾಟಿನಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ಇದೆ. ಅಮೆರಿಕದ ಎಲಿಜಬೆತ್ ಮೂನ್ ಬರೆದ ಮೂರು ಫ್ಯಾಂಟಸಿ ಕಾದಂಬರಿಗಳನ್ನು ಒಟ್ಟಿಗೆ ಹೊಲಿದದ್ದು, ಸಾವಿರ ಪುಟ ದಾಟುತ್ತದೆ. ಮನೆಗೆ ಬಂದವರು ಅದನ್ನೇ ಮೊದಲು ಎಳೆಯುತ್ತಾರೆ. ಆಮೇಲೆ ಕೇಳುತ್ತಾರೆ, "ಏನಿದು, ಕತ್ತಿ, ಯುದ್ಧ, ಹೆಣ್ಣು ಸೈನಿಕಳು? ನಮ್ಮಲ್ಲೇ ಓಬವ್ವ ಇದ್ದಾಳೆ, ಕಿತ್ತೂರು ಚೆನ್ನಮ್ಮ ಇದ್ದಾಳೆ. ಅಮೆರಿಕದವರು ಕಟ್ಟಿದ ಕಥೆ ನಿನಗ್ಯಾಕೆ?"

ಹತ್ತು ವರ್ಷದಿಂದ ಈ ಪ್ರಶ್ನೆಗೆ ನಕ್ಕು ಕಾಫಿ ತರಲು ಒಳಗೆ ಹೋಗುತ್ತಿದ್ದೆ. ಇವತ್ತು ಕೂತು ಬರೆಯುತ್ತಿದ್ದೇನೆ.

ಓಬವ್ವ ಸೈನಿಕಳಲ್ಲ. ಬೈಯಬೇಡಿ, ಪೂರ್ತಿ ಕೇಳಿ. ಅವಳು ಚಿತ್ರದುರ್ಗದ ಕೋಟೆ ಕಾಯುವವನ ಹೆಂಡತಿ. ಗಂಡ ಊಟಕ್ಕೆ ಕೂತಿದ್ದ, ಅವಳು ನೀರಿಗೆ ಹೋದಳು. ಕಿಂಡಿಯಲ್ಲಿ ಹೈದರಾಲಿಯ ಸಿಪಾಯಿಗಳು ನುಸುಳುವುದು ಕಂಡಿತು. ಕೈಗೆ ಸಿಕ್ಕಿದ್ದು ಒನಕೆ. ಆ ಒಂದು ಮಧ್ಯಾಹ್ನ ಅವಳನ್ನು ಇಷ್ಟು ಕಾಲ ಬದುಕಿಸಿದೆ. ಇನ್ನು ಚೆನ್ನಮ್ಮ ರಾಣಿ. 1824ರಲ್ಲಿ ಕಿತ್ತೂರಿನ ಬಾಗಿಲಿಗೆ ಬಂದ ಕಂಪನಿಯವರನ್ನು ಅವಳ ಸೈನ್ಯ ಬಗ್ಗಿಸಿತು. ಅವಳಿಗಾಗಿ ಸಾಲಾಗಿ ನಿಂತು ಕಾದಾಡಿದವರು ಬೇರೆಯವರು.

ನನಗೆ ಬೇಕಾಗಿದ್ದು ಆ ಸಾಲಿನಲ್ಲಿ ನಿಂತವಳ ಕಥೆ. ರಾಣಿಯೂ ಅಲ್ಲ, ಒಂದು ದಿನದ ವೀರಳೂ ಅಲ್ಲ. ಸಂಬಳಕ್ಕೆ ಸೇರಿ, ಹೆಸರು ಬರೆಸಿ, ಕಾಲಿಗೆ ಬೊಬ್ಬೆ ಬರಿಸಿಕೊಂಡು, ನಿಧಾನಕ್ಕೆ ಸಿಪಾಯಿ ಆಗುವವಳ ಕಥೆ. ಅದು ನನಗೆ ಸಿಕ್ಕಿದ್ದು ಈ ಇಟ್ಟಿಗೆಯ ಮೊದಲ ಭಾಗ 'ಶೀಪ್‌ಫಾರ್ಮರ್ಸ್ ಡಾಟರ್'ನಲ್ಲಿ, ಅಂದರೆ ಕುರಿ ಸಾಕುವವನ ಮಗಳು. 1988ರಲ್ಲಿ ಬಂದದ್ದು. ಅದೇ ವರ್ಷ ಎರಡನೆಯ ಭಾಗ, 1989ರಲ್ಲಿ ಮೂರನೆಯದು. ಮೂರಕ್ಕೂ ಸೇರಿ 'ದ ಡೀಡ್ ಆಫ್ ಪ್ಯಾಕ್ಸೆನೇರಿಯನ್' ಅಂತ ಹೆಸರು. ಹುಡುಗಿಯ ಹೆಸರೇ ಅಷ್ಟು ಉದ್ದ. ಪುಸ್ತಕದಲ್ಲೂ ಅವಳನ್ನು ಪ್ಯಾಕ್ಸ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಕಥೆ ಶುರುವಾಗುವುದು ಮದುವೆ ಜಗಳದಿಂದ. ಪ್ಯಾಕ್ಸ್‌ಗೆ ಹದಿನೆಂಟು ವರ್ಷ. ಅಪ್ಪ ಕುರಿ ಸಾಕುವವನು. ಪಕ್ಕದಲ್ಲಿ ಹಂದಿ ಸಾಕುವವನ ಮಗನಿಗೆ ಅವಳನ್ನು ಕೊಡುವುದು ಅಂತ ಮಾತಾಗಿದೆ. ಅವಳು ಒಲ್ಲೆ ಅನ್ನುತ್ತಾಳೆ. ಅಪ್ಪ ಕೇಳುವುದಿಲ್ಲ. ಅವಳು ಮನೆಯಲ್ಲಿದ್ದ ಅಜ್ಜನ ಕತ್ತಿ ತೆಗೆದುಕೊಂಡು ಓಡಿಹೋಗಿ, ಒಬ್ಬ ಡ್ಯೂಕನ, ಅಂದರೆ ಸಾಮಂತನ, ಬಾಡಿಗೆ ಸೈನ್ಯಕ್ಕೆ ಸೇರುತ್ತಾಳೆ. ಇಲ್ಲಿಗೆ ಎಲ್ಲರಿಗೂ ಗೊತ್ತಿರುವ ಕಥೆಯೇ ಅಲ್ವಾ? ಮುಂದೆ ಅವಳು ಎರಡೇ ಪುಟದಲ್ಲಿ ಹತ್ತು ಜನರನ್ನು ಕಡಿದು ಹಾಕಬೇಕು. ಹಾಗಾಗುವುದಿಲ್ಲ. ಅವಳು ಗುಡಿಸುತ್ತಾಳೆ. ಉಜ್ಜುತ್ತಾಳೆ. ಪಾಯಖಾನೆ ಗುಂಡಿ ತೋಡುತ್ತಾಳೆ. ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯುವುದನ್ನು ಕಲಿಯುತ್ತಾಳೆ. ಕತ್ತಿ ಕೈಗೆ ಬಂದಮೇಲೂ ಮೊದಲು ಕಲಿಯುವುದು ಪಕ್ಕದವರ ಜೊತೆ ಸಾಲು ಮುರಿಯದೆ ನಿಲ್ಲುವುದನ್ನು.

ಫ್ಯಾಂಟಸಿ ಓದುವ ಗೆಳೆಯರು ಈ ಭಾಗ ಬೋರು ಅನ್ನುತ್ತಾರೆ. ನನಗೆ ಇದೇ ಜೀವ. ಕಾರಣ ನನ್ನ ಎನ್‌ಸಿಸಿ.

ಕಾಲೇಜಿನಲ್ಲಿ ನಾನು ಎರಡು ವರ್ಷ ಕೆಡೆಟ್. ಸೇರಿದ್ದು ದೇಶಭಕ್ತಿಯಿಂದಲ್ಲ, ಪರೇಡ್ ಮುಗಿದ ಮೇಲೆ ಕೊಡುತ್ತಿದ್ದ ಸಮೋಸದ ಆಸೆಗೆ. ಮೊದಲ ತಿಂಗಳು ನಮಗೆ ರೈಫಲ್ ತೋರಿಸಲೂ ಇಲ್ಲ. ಸಾವಧಾನ್, ವಿಶ್ರಾಮ್, ದಾಹಿನೆ ಮುಡ್. ಇಷ್ಟೇ. ಎಡಗಾಲು ಬಲಗಾಲು ತಪ್ಪಿದರೆ ಡ್ರಿಲ್ ಕಲಿಸುವ ಉಸ್ತಾದ್ ಮೈದಾನಕ್ಕೆ ಒಂದು ಸುತ್ತು ಓಡಿಸುತ್ತಿದ್ದರು. ಬೆಲ್ಟಿನ ಹಿತ್ತಾಳೆಗೆ ಬ್ರಾಸೋ ಹಾಕಿ ಉಜ್ಜಿದ್ದೇ ಉಜ್ಜಿದ್ದು. ಕ್ಯಾಂಪಿನಲ್ಲಿ ಡೇರೆಯ ಸುತ್ತ ನೀರು ಹರಿಯಲು ಕಾಲುವೆ ತೋಡಿಸಿದರು. ಆ ರಾತ್ರಿ ಮಳೆ ಬಂದಾಗಲೇ ಅದು ಯಾಕೆ ಅಂತ ತಿಳಿದದ್ದು. ಒಂದು ದಿನ, ಯಾವಾಗ ಅಂತ ನೆನಪಿಲ್ಲ, ಮೂವತ್ತು ಹುಡುಗಿಯರ ಬೂಟು ಒಂದೇ ಸದ್ದು ಮಾಡಿತು. ಮೈ ಜುಮ್ಮೆಂದಿತು. ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ ಮೊದಲ ಗುಂಡು ಹೊಡೆದಾಗಲೂ ಹಾಗೆ ಅನಿಸಿರಲಿಲ್ಲ.

ಆ ಸದ್ದನ್ನು ಪುಸ್ತಕದಲ್ಲಿ ಕೇಳಿಸಿದವರು ಮೂನ್. ಅದಕ್ಕೂ ಕಾರಣ ಇದೆ. ಅವರು 1945ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದವರು. ಇತಿಹಾಸದಲ್ಲಿ ಡಿಗ್ರಿ ಮಾಡಿ 1968ರಲ್ಲಿ ಅಮೆರಿಕದ ಸೇನಾಪಡೆಗಳಲ್ಲಿ ಒಂದಾದ ಮರೀನ್ ಕೋರ್‌ಗೆ ಸೇರಿದರು. ಕೆಲಸ ಕಂಪ್ಯೂಟರ್ ವಿಭಾಗದಲ್ಲಿ, ಫಸ್ಟ್ ಲೆಫ್ಟಿನೆಂಟ್‌ವರೆಗೆ ಹೋದರು. ಆಗ ಅಲ್ಲಿ ಹೆಂಗಸರಿಗೆ ನೆಲದ ಕಾಳಗದಲ್ಲಿ ಜಾಗವೇ ಇರಲಿಲ್ಲ. ಸೇನೆಯಲ್ಲಿ ಹೆಂಗಸರು ಶೇಕಡ 2 ದಾಟಬಾರದು ಅಂತ 1948ರಲ್ಲಿ ಮಾಡಿದ್ದ ಕಾನೂನನ್ನು ತೆಗೆದಿದ್ದೇ 1967ರಲ್ಲಿ, ಅಂದರೆ ಮೂನ್ ಸೇರುವ ಹಿಂದಿನ ವರ್ಷ. ಕಾಳಗದ ಕೆಲಸವೂ ಸೇರಿ ಎಲ್ಲ ಹುದ್ದೆಗಳನ್ನು ಹೆಂಗಸರಿಗೆ ತೆರೆಯುತ್ತೇವೆ ಅಂತ ಅಲ್ಲಿ ಹೇಳಿದ್ದು 2015ರ ಡಿಸೆಂಬರ್‌ನಲ್ಲಿ. ಪ್ಯಾಕ್ಸ್ ಆ ಹೊತ್ತಿಗೆ ಇಪ್ಪತ್ತೇಳು ವರ್ಷ ಹಳಬಳು.

ಡ್ಯೂಕನ ಸೈನ್ಯದಲ್ಲಿ ಹೆಂಗಸರು ಇರುವುದು ಯಾರಿಗೂ ವಿಶೇಷ ಅನಿಸುವುದಿಲ್ಲ. ಪ್ಯಾಕ್ಸ್ ಕೂದಲು ಕತ್ತರಿಸಿ ಗಂಡಿನ ವೇಷ ಹಾಕಬೇಕಾಗಿಲ್ಲ. ಇದು ಡ್ರ್ಯಾಗನ್‌ಗಿಂತ ದೊಡ್ಡ ಫ್ಯಾಂಟಸಿ ಅಂತ ನನ್ನ ಲೆಕ್ಕ. ನಿಜದಲ್ಲಿ ವೇಷ ಹಾಕದೆ ನಡೆಯುತ್ತಿರಲಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಡೆಬೊರಾ ಸ್ಯಾಂಪ್ಸನ್ 1782ರಲ್ಲಿ ಗಂಡಿನ ಹೆಸರಿಟ್ಟುಕೊಂಡು ಸೇರಿದಳು. ನೆಪೋಲಿಯನ್ ಕಾಲದಲ್ಲಿ ರಷ್ಯಾದ ನದೇಝ್ದಾ ದುರೋವಾ ಕುದುರೆ ದಳಕ್ಕೆ ಹೋದದ್ದೂ ಹಾಗೆಯೇ.

ನನಗೆ ಹತ್ತಿರದವಳು ಅನಿಸುವುದು ಹ್ಯಾನಾ ಸ್ನೆಲ್. 1723ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವಳು. ಭಾವನ ಹೆಸರು ಇಟ್ಟುಕೊಂಡು, ಜೇಮ್ಸ್ ಗ್ರೇ ಆಗಿ, ಹಡಗು ಹತ್ತಿ ಬಂದದ್ದು ಎಲ್ಲಿಗೆ ಗೊತ್ತಾ? ನಮ್ಮ ಪಕ್ಕಕ್ಕೆ. ತಮಿಳುನಾಡಿನ ಕರಾವಳಿಗೆ, ಪುದುಚೇರಿ, ದೇವಿಕೋಟೆಯ ಕಡೆಗೆ. 1750ರಲ್ಲಿ ಲಂಡನ್ನಿಗೆ ವಾಪಸ್ ಹೋಗಿ ತಾನು ಹೆಂಗಸು ಅಂತ ಹೇಳಿಕೊಂಡಳು. ಅದೇ ವರ್ಷ ಅವಳ ಕಥೆ ಪುಸ್ತಕವಾಗಿ ಬಂತು. ಅದರಲ್ಲಿ ಮಸಾಲೆ ಜಾಸ್ತಿ, ಎಲ್ಲವನ್ನೂ ನಂಬಬೇಡಿ. ಆದರೆ ಅವಳಿಗೆ ಸೈನಿಕರ ಪೆನ್ಷನ್ ಸಿಕ್ಕಿದ್ದು ನಿಜ. ಸಮವಸ್ತ್ರ ಹಾಕಿ ನಾಟಕದ ರಂಗದ ಮೇಲೆ ಡ್ರಿಲ್ ಮಾಡಿ ತೋರಿಸಿದ್ದೂ ನಿಜ. ಜನ ದುಡ್ಡು ಕೊಟ್ಟು ನೋಡಿದರು. ಅವರು ನೋಡಿದ್ದು ಯುದ್ಧವನ್ನಲ್ಲ, ಹೆಂಗಸೊಬ್ಬಳು ಬಂದೂಕನ್ನು ಹೆಗಲಿಗೇರಿಸಿ ಇಳಿಸುವುದನ್ನು. ನಮ್ಮ ಉಸ್ತಾದ್ ನೋಡಿದ್ದರೆ ಖುಷಿಪಡುತ್ತಿದ್ದರು. ಇಲ್ಲ, ಮೊಣಕೈ ಸರಿ ಇಲ್ಲ ಅಂತ ಬೈಯುತ್ತಿದ್ದರೋ ಏನೋ.

"ಹೆಂಗಸಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು?" ಇದು ಅದೇ ಪ್ರಶ್ನೆಯ ಬಾಲ. ಸಾಮಾನ್ಯವಾಗಿ ಕೇಳುವವರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿರುವ ಗಂಡಸರು. ಪ್ಯಾಕ್ಸ್ ಎತ್ತರದ ಹುಡುಗಿ, ಕುರಿ ಎತ್ತಿ ಬೆಳೆದವಳು. ಅದಿರಲಿ. ಸಾಲಿನಲ್ಲಿ ನಿಂತು ಮಾಡುವ ಯುದ್ಧದಲ್ಲಿ ಒಬ್ಬರ ತೋಳಿಗಿಂತ ಸಾಲು ಮುಖ್ಯ. ನಿನ್ನ ಗುರಾಣಿ ಪಕ್ಕದವನನ್ನೂ ಕಾಯಬೇಕು. ನೀನು ಬೆದರಿ ಹಿಂದೆ ಸರಿದರೆ ಅವನು ಸತ್ತ. ಹಾಗಾಗಿ ಮೂನ್ ಅಷ್ಟು ಪುಟ ಡ್ರಿಲ್‌ಗೆ ಕೊಟ್ಟದ್ದು ಸುಮ್ನೆ ಅಲ್ಲ. ಮೊದಲ ಕಾಳಗ ಬಂದಾಗ ಪ್ಯಾಕ್ಸ್ ಏನು ಮಾಡಬೇಕು ಅನ್ನುವುದು ನಮಗೂ ಗೊತ್ತಿರುತ್ತದೆ. ಓದುವವರಿಗೂ ತರಬೇತಿ ಆಗಿರುತ್ತದೆ.

ಇನ್ನೊಂದು ಮಾತು. ಕಥೆಯ ತಿರುವು ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಈ ಪ್ಯಾರಾ ಬಿಟ್ಟುಬಿಡಿ. ಎರಡನೆಯ ಭಾಗದ ಕೊನೆಗೆ ಪ್ಯಾಕ್ಸ್ ಧೈರ್ಯ ಕಳೆದುಕೊಳ್ಳುತ್ತಾಳೆ. ಶತ್ರುಗಳ ಸೆರೆಯಲ್ಲಿ ನರಳಿ ಬಂದವಳಿಗೆ ಅವಳ ಕಡೆಯವರೇ ಮಾಡಿದ ಚಿಕಿತ್ಸೆ ಅವಳ ಎದೆಗಾರಿಕೆಯನ್ನೇ ಕಿತ್ತುಹಾಕುತ್ತದೆ. ಆಮೇಲೆ ಅವಳು ಚಳಿಯಲ್ಲಿ ಊರೂರು ಅಲೆಯುತ್ತಾಳೆ. ಯಾರೋ ಗದರಿದರೂ ನಡುಗುತ್ತಾಳೆ. ಇದನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಇಷ್ಟು ಕಷ್ಟಪಟ್ಟು ಸಿಪಾಯಿ ಮಾಡಿದವಳನ್ನು ಹೀಗೆ ಮಾಡುವುದೇ ಅಂತ. ಈಗ ಮೂರನೆಯ ಭಾಗದ ಆ ಆರಂಭವೇ ನನಗೆ ಎಲ್ಲಕ್ಕಿಂತ ಇಷ್ಟ. ಯುದ್ಧ ಮುಗಿಸಿ ಬಂದವರ ಮನಸ್ಸಿನ ಗಾಯಕ್ಕೆ ಅಮೆರಿಕದ ವೈದ್ಯರ ಪಟ್ಟಿಯಲ್ಲಿ ಪಿಟಿಎಸ್‌ಡಿ ಅಂತ ಹೆಸರು ಸಿಕ್ಕಿದ್ದು 1980ರಲ್ಲಿ. ಒಂಬತ್ತು ವರ್ಷದ ಮೇಲೆ ಒಬ್ಬ ಮಾಜಿ ಮರೀನ್ ಅದನ್ನು ಕುಳ್ಳರೂ ಎಲ್ಫ್‌ಗಳೂ ಇರುವ ಲೋಕಕ್ಕೆ ತಂದರು. ಪ್ಯಾಕ್ಸ್ ಮತ್ತೆ ಎದ್ದು ನಿಲ್ಲುತ್ತಾಳೆ. ಆದರೆ ಹೆದರಿಕೆ ಅಂದರೇನು ಅಂತ ತಿಳಿದವಳಾಗಿ.

ಪುಸ್ತಕದಲ್ಲಿ ಕುಂದಿಲ್ಲವೇ? ಇದೆ. ನಡುವಿನ ಭಾಗದಲ್ಲಿ ಗುಹೆ, ನಿಧಿ, ಮಂತ್ರದ ಉಂಗುರ ಅಂತ ಪಗಡೆ ಆಟದ ದಾಳ ಉರುಳಿಸಿದ ಹಾಗೆ ಕಥೆ ಓಡುತ್ತದೆ. ಒಳ್ಳೆಯವರು ತುಂಬಾ ಒಳ್ಳೆಯವರು, ಕೆಟ್ಟವರಿಗೆ ಜೇಡ ಪೂಜೆ. ಅಲ್ಲೆಲ್ಲ ನಾನು ಪುಟ ಹಾರಿಸುತ್ತೇನೆ. ಮೂನ್‌ಗೆ ಹೇಳಬೇಡಿ.

ಮತ್ತೆ ಓಬವ್ವನ ಮಾತಿಗೆ ಬರುತ್ತೇನೆ. ಸಾಮಾನ್ಯ ಹೆಂಗಸರು ಸಾಲಿನಲ್ಲಿ ನಿಂತ ಕಥೆ ನಮ್ಮ ದೇಶದಲ್ಲಿ ಇಲ್ಲ ಅಂತಲ್ಲ. 1943ರಲ್ಲಿ ಸಿಂಗಪುರದಲ್ಲಿ ಸುಭಾಷ್ ಬೋಸ್ ಕಟ್ಟಿದ ಝಾನ್ಸಿ ರಾಣಿ ರೆಜಿಮೆಂಟ್‌ಗೆ ಸೇರಿದವರಲ್ಲಿ ಮಲಯದ ರಬ್ಬರ್ ತೋಟದ ತಮಿಳು ಕೂಲಿಗಳು ಎಷ್ಟೋ ಜನ. ನಮಗೆ ನೆನಪಿರುವ ಹೆಸರು ಮಾತ್ರ ಅದರ ಮುಂದಾಳು ಕ್ಯಾಪ್ಟನ್ ಲಕ್ಷ್ಮಿಯದು. ಇಲ್ಲೂ ಹೆಸರು ಉಳಿದದ್ದು ಮುಂದೆ ನಿಂತವರದೇ.

ಭಾರತದ ಸೇನೆಯಲ್ಲೂ ಹೆಂಗಸರು ಮೊದಲು ಬಂದದ್ದು ಮೇಲಿನಿಂದ. ವೈದ್ಯರು, ನರ್ಸ್‌ಗಳನ್ನು ಬಿಟ್ಟರೆ 1992ರಿಂದ ಆಫೀಸರ್‌ಗಳು. ಅವರ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗೂ ಸೇನೆಯಲ್ಲಿ ಉಳಿಯುವ ಹಕ್ಕಿನ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋದಾಗ, ಹಳ್ಳಿಯಿಂದ ಬಂದ ಜವಾನರು ಹೆಂಗಸಿನ ಅಪ್ಪಣೆ ಪಾಲಿಸಲು ಮನಸ್ಸಿನಲ್ಲಿ ಇನ್ನೂ ತಯಾರಿಲ್ಲ ಅನ್ನುವ ವಾದವನ್ನೂ ಸರ್ಕಾರ ಮುಂದಿಟ್ಟಿತ್ತು. 2020ರ ಫೆಬ್ರವರಿಯಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಹಳ್ಳಿಯ ಗಂಡಸರನ್ನು ಕೇಳಿದವರು ಯಾರು ಅಂತ ನನಗೆ ಆಗಲೇ ಅನಿಸಿತ್ತು. ನನ್ನ ಅಜ್ಜಿ ಹಳ್ಳಿಯಲ್ಲಿ ಆರು ಜನ ಗಂಡಸರನ್ನು ಗದ್ದೆಗೆ ಓಡಿಸುತ್ತಿದ್ದಳು, ಒಬ್ಬರೂ ಉಸಿರೆತ್ತುತ್ತಿರಲಿಲ್ಲ.

ಸಾಲಿನಲ್ಲಿ ನಿಲ್ಲುವ ಹುಡುಗಿಯರು ಬಂದದ್ದು ಆಮೇಲೆ. ಅವರು ತಯಾರಾದದ್ದು ಬೆಂಗಳೂರಿನಲ್ಲಿ. ಕೋರ್ ಆಫ್ ಮಿಲಿಟರಿ ಪೊಲೀಸ್‌ನ ತರಬೇತಿ ಕೇಂದ್ರದಲ್ಲಿ 61 ವಾರ ಕಲಿತು, 2021ರ ಮೇ 8ರಂದು 83 ಜನ ಸೇನೆಯ ಮೊದಲ ಮಹಿಳಾ ಜವಾನರಾದರು. ಕೋವಿಡ್ ಕಾಲ, ಸಮಾರಂಭ ಸಣ್ಣದಾಗಿ ಮುಗಿಯಿತು. ಟೀವಿಯಲ್ಲಿ ಅವರು ಸಾಲಾಗಿ ನಡೆಯುವುದನ್ನು ನೋಡುತ್ತಾ, ನನಗೇ ಗೊತ್ತಿಲ್ಲದೆ ನನ್ನ ಕಾಲು ಕುರ್ಚಿಯ ಕೆಳಗೆ ತಾಳ ಹಾಕುತ್ತಿತ್ತು. ಆ 83 ಜನರಲ್ಲಿ ಒಬ್ಬಳು ಎಂದಾದರೂ ಕನ್ನಡದಲ್ಲಿ ಬರೆದರೆ, ಗುಂಡಿ ತೋಡಿದ್ದರಿಂದ ಶುರುಮಾಡಿ ಬರೆದರೆ, ಈ ಇಟ್ಟಿಗೆ ಪುಸ್ತಕವನ್ನು ಕಪಾಟಿನ ಹಿಂದಿನ ಸಾಲಿಗೆ ತಳ್ಳಲು ನಾನು ತಯಾರು.

ಹೋದ ಚಳಿಗಾಲದಲ್ಲಿ ನನ್ನ ಸೋದರತ್ತೆ ಬಂದಿದ್ದರು. ಅವರೂ ಪುಸ್ತಕ ಎಳೆದು ಅದೇ ಪ್ರಶ್ನೆ ಕೇಳಿದರು. ಇಂಗ್ಲಿಷ್ ಓದಲು ಬರುವುದಿಲ್ಲ. ಅವರೆಕಾಯಿ ಬಿಡಿಸುತ್ತಾ ಮೊದಲ ಭಾಗದ ಕಥೆಯನ್ನು ಪೂರ್ತಿ ಹೇಳಿದೆ. ಹಂದಿ ಸಾಕುವವನ ಮಗ, ಅಜ್ಜನ ಕತ್ತಿ, ಡ್ಯೂಕನ ಸೈನ್ಯ, ಎಲ್ಲ. ಅವರು ಸೊಗಡು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಲ್ಲಮ್ಮಾ, ಆ ಹುಡುಗಿಗೆ ಹೊಟ್ಟೆ ತುಂಬಾ ಊಟ ಹಾಕ್ತಿದ್ರಾ?"

"ಹಾಕ್ತಿದ್ರು ಅತ್ತೆ. ಆದ್ರೆ ಎದ್ದ ಮೇಲೆ ಗುಡಿಸೋ ಕೆಲ್ಸ ಇತ್ತು."

"ಅದು ಇಲ್ಲೂ ಇದ್ದಿದ್ದೇ ಬಿಡು," ಅಂದರು. "ಮುಂದೆ ಹೇಳು."